ಕಾರಿನೊಳಗಿನ ಸಂಜೆಮಾತು

ನಾನು ಮದುವೆಯಾಗಿ ಹೋದ ಊರಿನಲ್ಲಿ ಹೊತ್ತು ಮುಳುಗಿದ ಮೇಲೆ ಗಾಡಿಗಳ ದೀಪ ಬಿಟ್ಟರೆ ಬೇರಾವ ದೀಪವೂ ಹತ್ತುವುದಿಲ್ಲ. ಹಗಲೆಲ್ಲ ಚೆನ್ನಾಗಿ ಉರಿಯುವ ಬಲ್ಬು ಸಂಜೆಯಾದೊಡನೆ ಕಪ್ಪಾಗುತ್ತದೆ. ಒಲೆ ಕಾಯುತ್ತದೆ, ಅನ್ನ ಬೇಯುತ್ತದೆ, ಬೆಂಕಿಗೆ ಬೆಳಕು ಮಾತ್ರ ಇರುವುದಿಲ್ಲ. ಮೊಬೈಲಿನಲ್ಲಿ ಮಾತಾಡಬಹುದು, ಅದರ ಪರದೆ ಕಾಣುವುದಿಲ್ಲ. ಟಾರ್ಚು, ಮೇಣದಬತ್ತಿಗಳನ್ನು ಅಲ್ಲಿನ ಅಂಗಡಿಯವರು ತರಿಸುವುದೇ ಇಲ್ಲ. ಕಾರು, ಆಟೊ, ಟ್ರ್ಯಾಕ್ಟರುಗಳ ಬ್ಯಾಟರಿಯಿಂದ ಹತ್ತುವ ದೀಪಗಳು ಮಾತ್ರ ಯಾವ ತಕರಾರೂ ಇಲ್ಲದೆ ಉರಿಯುತ್ತವೆ. ಹಾಗಾಗಿ ಮನೆ ಕಟ್ಟುವವರು ಅಲ್ಲಿ ಮೊದಲು ಗಾಡಿ ನಿಲ್ಲಿಸುವ ಜಾಗ ನೋಡುತ್ತಾರೆ, ಆಮೇಲೆ ಅಡುಗೆಮನೆ. ಮಕ್ಕಳು ಆಟೊದ ಹಿಂದಿನ ಸೀಟಿನಲ್ಲಿ ಕೂತು ಮಗ್ಗಿ ಒಪ್ಪಿಸುತ್ತಾರೆ. ಸಂಜೆ ಹೆಣ್ಣು ನೋಡಲು ಬಂದವರನ್ನು ಟ್ರ್ಯಾಕ್ಟರಿನ ಹೆಡ್‌ಲೈಟಿನ ಮುಂದೆ ಚಾಪೆ ಹಾಸಿ ಕೂರಿಸಿ ಉಪ್ಪಿಟ್ಟು ಕೊಡುತ್ತಾರೆ. ನನ್ನನ್ನು ಮಾತ್ರ ಅವರು ಹಗಲಲ್ಲಿ, ನಮ್ಮೂರಿಗೇ ಬಂದು ನೋಡಿ ಹೋಗಿದ್ದರು. ಊರಿನ ಸಂಗತಿ ನನಗೆ ಗೊತ್ತಾದದ್ದು ಸೇರಕ್ಕಿ ಒದ್ದು ಒಳಗೆ ಬಂದ ಸಂಜೆ.

ನನ್ನ ಗಂಡ ಲಿಂಗರಾಜು ಹಾಲಿನ ಟ್ಯಾಂಕರ್ ಓಡಿಸುತ್ತಿದ್ದರು. ವಾರದಲ್ಲಿ ಬಹುಪಾಲು ಹೊರಗೇ ಇರಬೇಕು. ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಅತ್ತೆ ಹೊನ್ನಮ್ಮ. ಅತ್ತೆಗೆ ಎಳೆಯ ವಯಸ್ಸಿನಲ್ಲಿ ಬಂದ ಜ್ವರದಿಂದ ಕಿವಿ ಹೋಗಿತ್ತು, ಅದರ ಹಿಂದೆಯೇ ಬಾಯಿಮಾತೂ ಹೋಗಿತ್ತು. ಅವರು ಮಾತಾಡುತ್ತಿದ್ದದ್ದು ಕೈಯಲ್ಲಿ. ಯಾವ ಶಾಲೆಯಲ್ಲೂ ಕಲಿತ ಕೈಭಾಷೆಯಲ್ಲ ಅದು. ಅವರೂ ಮಾವ ಮುದ್ದಯ್ಯನವರೂ ಸೇರಿ, ಬೇಕುಬೇಕಾದಂತೆ ಮಾಡಿಕೊಂಡದ್ದು. ಮಾವ ನಾನು ಬರುವ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅವರ ಬಿಳಿ ಡೀಸೆಲ್ ಕಾರು ಮನೆಯ ಮುಂದಿನ ಹಜಾರದಲ್ಲಿ, ತಗಡಿನ ಮಾಡಿನ ಕೆಳಗೆ ನಿಂತಿತ್ತು. ಲಿಂಗರಾಜು ಮನೆಗೆ ಬಂದಾಗಲೊಮ್ಮೆ ಅದನ್ನು ಸ್ಟಾರ್ಟ್ ಮಾಡಿ ಒಂದು ಸುತ್ತು ಹಾಕಿಸಿ ತಂದು ನಿಲ್ಲಿಸುತ್ತಿದ್ದರು.

ಹಗಲಲ್ಲಿ ಅತ್ತೆಯ ಮಾತು ನನಗೆ ಬೇಗ ಹತ್ತಿತು. ಬಾ, ಹೋಗು, ನೀರು, ಉಪ್ಪು ಕಮ್ಮಿ, ಬಟ್ಟೆ ಒಣಗಿದೆ, ಹಾಲಿನವನು ಬಂದ. ಲಿಂಗರಾಜುಗೆ ಗೊತ್ತಿದ್ದದ್ದೂ ಇಷ್ಟೇ. ಸಂಜೆಯಾದರೆ ಅದೂ ಇಲ್ಲ. ನಾನು ಮಾತಾಡಿದರೆ ಅವರಿಗೆ ಕೇಳಿಸದು, ಅವರು ಕೈಯಾಡಿಸಿದರೆ ನನಗೆ ಕಾಣದು. ಒಂದೇ ಗೋಡೆಗೆ ಒರಗಿ ಕೂತಿದ್ದರೂ ಬೇರೆ ಬೇರೆ ಊರಿನಲ್ಲಿದ್ದ ಹಾಗೆ ಇರುತ್ತಿದ್ದೆವು. ಮೊಣಕೈ ತಟ್ಟಿದರೆ ಊಟಕ್ಕೆ ಏಳು ಎಂದು, ಭುಜ ಒತ್ತಿದರೆ ಮಲಗೋಣ ಎಂದು. ಮಿಕ್ಕ ಹೊತ್ತೆಲ್ಲ ಕತ್ತಲು. ನಾನು ತವರಿಗೆ ಫೋನು ಮಾಡಿ, ಅತ್ತೆಯ ಪಕ್ಕದಲ್ಲೇ ಕೂತು, ಅವರಿಗೆ ಕೇಳುವುದಿಲ್ಲವೆಂಬ ಧೈರ್ಯದಲ್ಲಿ, ಇಲ್ಲಿ ನನ್ನಿಂದಾಗದು, ಬಂದು ಕರೆದುಕೊಂಡು ಹೋಗಿ ಎಂದು ಅಮ್ಮನ ಹತ್ತಿರ ಅಳುತ್ತಿದ್ದೆ. ಅಮ್ಮ ಸ್ವಲ್ಪ ದಿನ ನೋಡು ಎನ್ನುತ್ತಿದ್ದರು. ನೋಡಲು ಏನಾದರೂ ಕಾಣಬೇಕಲ್ಲ ಎಂದು ನನಗೆ ಇನ್ನಷ್ಟು ಅಳು ಬರುತ್ತಿತ್ತು.

ಅಂಥ ಒಂದು ಸಂಜೆ, ಫೋನು ಇಟ್ಟ ಮೇಲೆ, ಅತ್ತೆ ನನ್ನ ಮಣಿಕಟ್ಟು ಹಿಡಿದು ಎಬ್ಬಿಸಿದರು. ಹಜಾರಕ್ಕೆ ಕರೆದುಕೊಂಡು ಹೋಗಿ ಕಾರಿನ ಬಾಗಿಲು ತೆಗೆದರು. ಚಾವಣಿಯ ಪುಟ್ಟ ದೀಪ ಹತ್ತಿತು. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಾವು ಸ್ಟೇರಿಂಗಿನ ಕಡೆ ಕೂತು, ನನ್ನತ್ತ ತಿರುಗಿ ಮಾತಾಡತೊಡಗಿದರು. ಅದು ನಾನು ಕಂಡಿದ್ದ ಮಾತಲ್ಲ. ಬೆರಳುಗಳು ಮೆಲ್ಲಗೆ, ಎದೆಯ ಹತ್ತಿರ, ಒಂದರೊಳಗೊಂದು ಸುಳಿದು ಹೊರಡುತ್ತಿದ್ದವು. ಬೆಳಕು ನೆತ್ತಿಯ ಮೇಲಿಂದ ಬೀಳುತ್ತಿದ್ದುದರಿಂದ ಅವರ ಮುಖ, ಎದೆ, ಕೈ ಎಲ್ಲ ನೆರಳಲ್ಲಿದ್ದವು. ನನಗೆ ಏನೂ ತಿಳಿಯಲಿಲ್ಲ. ಅವರು ಮತ್ತೆ ಮತ್ತೆ ಹೇಳಿ, ಕೊನೆಗೆ ನನ್ನ ಕೆನ್ನೆ ತಟ್ಟಿ ಸುಮ್ಮನಾದರು.

ಲಿಂಗರಾಜು ಬಂದಾಗ ಕೇಳಿದೆ. ಅವರು ಹೇಳಿದರು: "ಅಪ್ಪ-ಅವ್ವ ಸಂಜೆ ಕಾರಲ್ಲಿ ಕೂತ್ಕೊಂಡು ಏನೇನೋ ಆಡ್ಕೋತಿದ್ರು. ಅದು ಅವರಿಬ್ಬರದೇ. ನಾವು ಹುಡುಗ್ರು ಅಷ್ಟೊತ್ಗೆ ಮಲಗಿರ್ತಿದ್ವಿ. ನಂಗೆ ಬರೋದು ಹಗಲಿನ ಮಾತು ಮಾತ್ರ."

ಆ ಮಾತು ಬಲ್ಲ ಇನ್ನೊಬ್ಬರು ಹೋಗಿಬಿಟ್ಟಿದ್ದರು. ಅಂದರೆ ಅತ್ತೆ ಒಂದು ವರ್ಷದಿಂದ ಯಾರೊಡನೆಯೂ ಮನಬಿಚ್ಚಿ ಮಾತಾಡಿರಲಿಲ್ಲ. ನನಗೆ ನನ್ನ ಅಳುವಿನ ನಡುವೆ ಅದು ಹೊಳೆದೇ ಇರಲಿಲ್ಲ.

ಅದೇ ತಿಂಗಳು ನಮ್ಮ ಎದುರುಮನೆಯಲ್ಲಿ ಮದುವೆಯಾಯಿತು. ಮೆರವಣಿಗೆ ಕಾರಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಆಟೊ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದ ನಯಾಜಣ್ಣ ಎಲ್‌ಇಡಿ ಪಟ್ಟಿಗಳನ್ನು ಹಾಕಿದ್ದರು. ಡ್ಯಾಶ್‌ಬೋರ್ಡಿನ ಕೆಳಗೆ, ಬಾಗಿಲುಗಳ ಒಳಗೆ, ಸೀಟಿನ ಬುಡದಲ್ಲಿ. ಬಲ್ಬು ಕಣ್ಣಿಗೆ ಬೀಳದಂತೆ ಮರೆಯಲ್ಲಿದ್ದು, ಬೆಳಕು ಮಾತ್ರ ಕೆಳಗಿನಿಂದ ಹಬೆಯ ಹಾಗೆ ಏಳುತ್ತಿತ್ತು. ಮದುಮಗಳು ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅವಳ ಮದರಂಗಿಯ ಒಂದೊಂದು ಎಳೆಯೂ ನನಗೆ ಬೀದಿಯಿಂದಲೇ ಕಾಣುತ್ತಿತ್ತು. ನಾನು ಅವಳ ಸೀರೆ ನೋಡಲಿಲ್ಲ, ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಾ ನಿಂತೆ.

ಮಾರನೆಯ ದಿನ ಅವರ ಅಂಗಡಿಗೆ ಹೋಗಿ ಬಿಳಿ ಪಟ್ಟಿಯ ಒಂದು ಸುರುಳಿ ತಂದೆ. ಮದುವೆಯ ಕಾಲವಾದ್ದರಿಂದ ನಯಾಜಣ್ಣನಿಗೆ ಪುರುಸೊತ್ತಿರಲಿಲ್ಲ, ಮುಂದಿನ ವಾರ ಗಾಡಿ ತನ್ನಿ, ಕೂರಿಸಿಕೊಡುತ್ತೇನೆ ಎಂದರು. ನನಗೆ ಅಷ್ಟು ತಡೆಯುವ ಸಮಾಧಾನ ಎಲ್ಲಿಂದ ಬರಬೇಕು? ತವರಿನಲ್ಲಿ ರವಿಕೆ ಹೊಲಿಯುತ್ತಿದ್ದವಳು ನಾನು. ಪಟ್ಟಿಯನ್ನು ಡ್ಯಾಶ್‌ಬೋರ್ಡಿನ ಅಂಚಿನ ಕೆಳಗೆ ಮಡಿಸಿ ಅಂಟಿಸಿದೆ, ಅದರ ವೈರನ್ನು ಪಿನ್ನಿಗೆ ಕಟ್ಟಿ ಲಂಗಕ್ಕೆ ಲಾಡಿ ಪೋಣಿಸುವ ಹಾಗೆ ಬಾಗಿಲ ಪಕ್ಕದ ಸಂದಿಯಲ್ಲಿ ಎಳೆದೆ. ಚಾವಣಿ ದೀಪದ ವೈರಿಗೆ ತಿರುಚಿ ಟೇಪು ಸುತ್ತಿದೆ. ಸಂಜೆ ಅತ್ತೆಯನ್ನು ಕೂರಿಸಿ ಸ್ವಿಚ್ಚು ಒತ್ತಿದಾಗ ಅವರು ಮೊದಲು ನನ್ನತ್ತ ನೋಡಲಿಲ್ಲ. ತಮ್ಮ ಕೈಗಳನ್ನು ಮುಂದೆ ಚಾಚಿ, ಮಗುಚಿ, ಬಹಳ ದಿನಕ್ಕೆ ಸಿಕ್ಕವರನ್ನು ನೋಡುವಂತೆ ನೋಡಿಕೊಂಡರು.

ಆಮೇಲಿನ ಸಂಜೆಗಳು ನನ್ನ ಬದುಕಿನ ಒಳ್ಳೆಯ ಸಂಜೆಗಳು. ಅತ್ತೆ ನನಗೆ ಒಂದೊಂದೇ ಪದ ಕಲಿಸಿದರು. ಎರಡು ಅಂಗೈ ಬೋಗುಣಿ ಮಾಡಿ ಮೆಲ್ಲಗೆ ಕವುಚಿದರೆ ಬೇಸರ. ಕಿವಿಯ ಹಿಂದಿನಿಂದ ಬೆರಳು ತಂದು ಎದೆಗೆ ಮುಟ್ಟಿಸಿದರೆ ನೆನಪು. ಕಿರುಬೆರಳು ಕಿರುಬೆರಳಿಗೆ ತಾಗಿದರೆ ಸಿಟ್ಟು ಹೋಯಿತು ಎಂದು. ಹಗಲಲ್ಲಿ ನಾನು ಅದೇ ಪದ ಮಾಡಿ ತೋರಿಸಲು ಹೋದರೆ ಅವರು ಬೇಲಿಯಾಚೆ ನೋಡಿ, ನನ್ನ ಕೈ ಹಿಡಿದು ಕೆಳಗಿಳಿಸುತ್ತಿದ್ದರು. ಆ ಮಾತುಗಳನ್ನು ಅವರು ಕಾರಿನ ಹೊರಗೆ ಎಂದೂ ಆಡಿದವರಲ್ಲ. ಬೀದಿಯವರು ತಮ್ಮ ಕೈಯನ್ನು ಅಣಕಿಸುವುದನ್ನು ಅವರು ಬಾಲ್ಯದಿಂದ ಕಂಡಿದ್ದರು. ಕಾರಿನೊಳಗೆ ಮಾತ್ರ ಅವರು ಬೇರೆಯೇ ಮನುಷ್ಯರು, ತಮಾಷೆಯವರು. ಊರಿನ ಪ್ರತಿಯೊಬ್ಬರಿಗೂ ಒಂದು ಕೈಹೆಸರು ಇಟ್ಟಿದ್ದರು. ನನಗೆ ಇಟ್ಟದ್ದು ಬೆರಳಿನ ತುದಿಗೆ ಹೊಲಿಗೆಯವರ ಅಂಗುಸ್ತಾನ ಹಾಕುವ ಸನ್ನೆ.

ತೊಂದರೆ ಕೊಟ್ಟದ್ದು ದೀಪ. ಮೊದಲು ಬ್ಯಾಟರಿ ಇಳಿಯಿತು. ಲಿಂಗರಾಜು ಮನೆಯಲ್ಲಿದ್ದ ಒಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ ಬರೀ ಟಕ್ ಎಂದಿತು, ಇಂಜಿನ್ ತಿರುಗಲಿಲ್ಲ. ನೆರೆಯವರನ್ನು ಕರೆದು ತಳ್ಳಿಸಬೇಕಾಯಿತು. ಅವತ್ತಿನಿಂದ ಸಂಜೆ ಇಂಜಿನ್ ಓಡಿಸಿಕೊಂಡೇ ಕೂರುತ್ತಿದ್ದೆವು. ಆಗ ಪಟ್ಟಿ ಬೇಕಾದ್ದಕ್ಕಿಂತ ಜೋರಾಗಿ ಉರಿದು ಬಿಸಿಯಾಗುತ್ತಿತ್ತು, ಇಂಜಿನ್ ನಿಲ್ಲಿಸಿದರೆ ಮಂಕಾಗುತ್ತಿತ್ತು. ಸ್ವಲ್ಪ ದಿನಕ್ಕೆ ಪಟ್ಟಿಯ ಮೂರು ಮೂರು ಬಲ್ಬುಗಳು ಒಟ್ಟಿಗೆ ಸತ್ತು, ಹಲ್ಲು ಬಿದ್ದ ಬಾಯಂತಾಯಿತು. ತೆಳು ವೈರಿನದೇ ತಪ್ಪೆಂದು ಲಿಂಗರಾಜು ಒಂದು ಮಧ್ಯಾಹ್ನ ಟ್ಯಾಂಕರಿಗೆ ಹೋಗುವ ಅವಸರದಲ್ಲೇ ದಪ್ಪ ವೈರೊಂದನ್ನು ಬ್ಯಾಟರಿಯಿಂದ ನೇರವಾಗಿ ಎಳೆದು, ಬಾನೆಟ್ಟಿಗೂ ಸೀಟಿಗೂ ನಡುವಿನ ತಗಡಿನಲ್ಲಿದ್ದ ತೂತಿನಿಂದ ಒಳಗೆ ತಂದು ಪಟ್ಟಿಗೆ ಜೋಡಿಸಿದರು. "ಇನ್ಮೇಲೆ ಏನೂ ಆಗಲ್ಲ ಬಿಡು," ಎಂದು ಹೇಳಿ ಹೊರಟರು.

ಅವತ್ತಿನ ಬೆಳಕು ಚೆನ್ನಾಗಿಯೇ ಇತ್ತು. ಅತ್ತೆ ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಫೋನು ಹಿಡಿಯುವ ಸನ್ನೆ ಮಾಡಿ, ತಮ್ಮ ಭುಜವನ್ನು ಅಲುಗಿಸಿ ತೋರಿಸಿದರು. ಕತ್ತಲಲ್ಲಿ ನಾನು ಅಳುತ್ತಿದ್ದದ್ದು ನನ್ನ ಭುಜದಿಂದ ಅವರ ಭುಜಕ್ಕೆ ತಿಳಿಯುತ್ತಿತ್ತು. ನಾನು ತಲೆ ತಗ್ಗಿಸಿದೆ. ಅವರು ಗಲ್ಲ ಹಿಡಿದು ಎತ್ತಿ ಮಾತು ಶುರು ಮಾಡಿದರು. ನೀನು ಎಂದರು. ತವರು ಎಂದರು. ಹೋಗು ಎಂದರು. ಬೆರಳು ಇನ್ನೇನೋ ಹೇಳಲು ಮೇಲೆದ್ದಿತ್ತು, ಅಷ್ಟರಲ್ಲಿ ಅವರ ಮೂಗು ಅರಳಿತು. ಬಗ್ಗಿ, ಕಾಲ ಕೆಳಗಿನ ಮ್ಯಾಟಿನ ಮೇಲೆ ಅಂಗೈಯಿಟ್ಟವರು ಕೆಂಡ ಮುಟ್ಟಿದವರಂತೆ ಎಳೆದುಕೊಂಡರು. ನನಗೂ ಆಗ ರಬ್ಬರು ಸುಟ್ಟ ವಾಸನೆ ಬಂತು. ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊಗೆ ಬರುತ್ತಿತ್ತು.

ನನ್ನನ್ನು ರಟ್ಟೆ ಹಿಡಿದು ಅತ್ತೆ ಹೊರಗೆಳೆದ ರಭಸಕ್ಕೆ ನನ್ನ ಬಳೆ ಒಡೆದವು. ನಾನು ಕೂಗಾಡುತ್ತಾ ನೀರು ನೀರು ಎಂದು ಒಳಗೆ ಓಡಿದೆ. ದೀಪ ಆರಿಹೋಗಿ ಹಜಾರ ಕಗ್ಗತ್ತಲಾಗಿತ್ತು. ಕತ್ತಲಲ್ಲಿ ಬಾನೆಟ್ಟು ಎತ್ತಿದ ಸದ್ದು ಕೇಳಿತು. ಮಾವ ಇದ್ದಾಗ ಆ ಗಾಡಿಯ ನೀರು, ಎಣ್ಣೆಯನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅತ್ತೆಯೇ. ಸೆರಗನ್ನು ಕೈಗೆ ಸುತ್ತಿಕೊಂಡು, ಬರೀ ತಡವಿ, ಬ್ಯಾಟರಿಯ ಮೇಲೆ ಸಡಿಲವಾಗಿ ಕೂರಿಸಿದ್ದ ಆ ವೈರಿನ ತುದಿಯನ್ನು ಕಿತ್ತು ಬಿಟ್ಟರು. ನಾನು ಕೊಡ ಹಿಡಿದು ಬರುವಷ್ಟರಲ್ಲಿ ವಾಸನೆಯೊಂದು ಉಳಿದಿತ್ತು, ಹೊಗೆ ನಿಂತಿತ್ತು. ಅವರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ನಾನು ಹುಡುಕಿ ಹುಡುಕಿ ಜೇನುತುಪ್ಪ ಹಚ್ಚಿದೆ. ಅವರು ನನ್ನ ತಲೆ ಸವರಿದರು. ಆ ಕತ್ತಲಲ್ಲಿ ಒಬ್ಬರಿಗೊಬ್ಬರು ಒಂದು ಪದವನ್ನೂ ಹೇಳಲಾಗಲಿಲ್ಲ.

ಬೆಳಗಾದ ಮೇಲೆ ನೋಡಿದರೆ ತಗಡಿನ ತೂತಿನ ಅಂಚು ವೈರಿನ ಸಿಪ್ಪೆಯನ್ನು ಕೊಯ್ದುಹಾಕಿತ್ತು. ಅತ್ತೆ ಕಾರಿನ ಹತ್ತಿರವೂ ಹೋಗಲಿಲ್ಲ. ನಾನು ಬಾಗಿಲು ತೆಗೆದರೆ ಬಂದು ಮುಚ್ಚಿದರು. ಸಂಜೆ ಮತ್ತೆ ಅದೇ ಗೋಡೆ, ಅದೇ ಕತ್ತಲು. ನನ್ನ ತಲೆಯಲ್ಲಿ ಆ ಮೂರು ಪದಗಳೇ ತಿರುಗುತ್ತಿದ್ದವು. ನೀನು, ತವರು, ಹೋಗು. ಹಗಲಲ್ಲಿ ನಿಂತು ಕೇಳಿದೆ: ನಾನು, ತವರು, ಹೋಗಲಾ? ಅವರು ಹೌದೆಂದು ತಲೆಯಾಡಿಸಿದರು, ನಗುತ್ತಾ ಇನ್ನೇನೋ ಹೇಳಲು ಕೈಯೆತ್ತಿದರು. ಬೇಲಿಯಾಚೆ ಯಾರೋ ನಿಂತಿದ್ದರು. ಸುಟ್ಟ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಒಳಗೆ ಹೋಗಿಬಿಟ್ಟರು.

ನಾನೇ ಬೇಡಿಕೊಳ್ಳುತ್ತಿದ್ದದ್ದು ತವರಿಗೆ ಹೋಗಬೇಕೆಂದು. ಅವರೇ ಹೋಗು ಎಂದಾಗ ಅಷ್ಟು ನೋವಾದೀತೆಂದು ನನಗೆ ಗೊತ್ತಿರಲಿಲ್ಲ. ಈ ದೀಪದ ಹುಚ್ಚಿನಲ್ಲಿ ಅವರ ಗಂಡನ ಗಾಡಿ ಸುಡಲು ಹೊರಟವಳು ನಾನು, ಬೇಡವೆನಿಸಿರಬೇಕು ಎಂದುಕೊಂಡೆ. ನಾಲ್ಕಾರು ದಿನ ಕಳೆದ ಮೇಲೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಲು ಬಸ್‌ಸ್ಟ್ಯಾಂಡಿಗೆ ಹೋದೆ. ನಯಾಜಣ್ಣ ಅಂಗಡಿಯ ಮುಂದೆ ಕೂತು ಒಂದು ಆಟೊದ ವೈರು ಬಿಡಿಸುತ್ತಿದ್ದರು. ಪಟ್ಟಿ ಚೆನ್ನಾಗಿ ಉರಿಯುತ್ತಿದೆಯಾ ಎಂದು ಕೇಳಿದರು, ಅಷ್ಟೇ. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಹೊಗೆಯದು, ಬೊಬ್ಬೆಯದು, ಸಂಜೆಮಾತಿನದು, ಆ ಮೂರು ಪದಗಳದು.

ಅವರು ಕೈಯಲ್ಲಿದ್ದ ಕಟಿಂಗ್ ಪ್ಲೇಯರ್ ಕೆಳಗಿಟ್ಟರು. "ಅಕ್ಕಾ, ಅಷ್ಟಕ್ಕೇ ಬಸ್ಸು ಹತ್ತಬೇಡಿ. ಮಾತು ಮುಗಿದಿಲ್ಲ ಅಂತ ನೀವೇ ಹೇಳ್ತಿದೀರಲ್ಲ. ಮುಗಿಸೋಕೆ ಬೆಳಕು ಬೇಕು, ಅದನ್ನ ನಾನು ನೋಡ್ತೀನಿ," ಎಂದರು.

ಅವತ್ತೇ ಮಧ್ಯಾಹ್ನ ಸ್ಕೂಟರಿನಲ್ಲಿ ಬಂದರು. ಸುಟ್ಟ ವೈರೆಲ್ಲ ಕಿತ್ತು ಬಿಸಾಡಿದರು. ಅವರು ಮಾಡುತ್ತಿದ್ದದ್ದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ, ಕೇಳಿದ್ದಕ್ಕೆಲ್ಲ ಹೇಳುತ್ತಾ ಹೋದರು. ಬ್ಯಾಟರಿಯಿಂದ ಹೊರಡುವ ವೈರಿಗೆ, ಹೊರಟ ಗೇಣಿನಲ್ಲೇ ಒಂದು ಫ್ಯೂಸು. ತಗಡಿನ ತೂತಿಗೆ ವೈರು ಉಜ್ಜದಂತೆ ರಬ್ಬರಿನ ಬಳೆ. ಇಂಜಿನ್ ಓಡುವಾಗ ಕರೆಂಟು ಏರುತ್ತದೆ, ಗಾಡಿ ಸ್ಟಾರ್ಟ್ ಮಾಡಲು ಸೆಲ್ಫ್ ಹೊಡೆಯುವಾಗ ಕುಸಿಯುತ್ತದೆ. ಎರಡನ್ನೂ ಪಟ್ಟಿಯವರೆಗೆ ಬಿಡದೆ ಒಂದೇ ಸಮನಾಗಿ ಕೊಡಲು ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ನಡುವೆ ಕೂರಿಸಿದರು. ಬ್ಯಾಟರಿ ಇಂಜಿನ್ ತಿರುಗಿಸಲಾರದಷ್ಟು ಇಳಿಯುವ ಮೊದಲೇ ದೀಪವನ್ನು ತಾನಾಗಿ ನಿಲ್ಲಿಸುವ ಇನ್ನೊಂದನ್ನೂ ಹಾಕಿದರು. ಸತ್ತ ಪಟ್ಟಿ ತೆಗೆದು ಹೊಸದು ಅಂಟಿಸಿದರು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಹತ್ತಿರ ಬರಲಿಲ್ಲ. ನಯಾಜಣ್ಣ ಅವರ ಹತ್ತಿರ ಹೋಗಿ, ಒಂದು ಪುಟ್ಟ ಫ್ಯೂಸನ್ನು ಅವರ ಅಂಗೈಗೆ ಹಾಕಿದರು. ಅದರೊಳಗಿನ ಸಣ್ಣ ತಂತಿ ತೋರಿಸಿದರು. ಆಮೇಲೆ ಅವರನ್ನು ಬಾನೆಟ್ಟಿನ ಮುಂದೆ ಕರೆದು, ಅವರ ಎದುರಿಗೇ ಬೇಕೆಂದು ಒಳಗಿನ ವೈರನ್ನು ಗಾಡಿಯ ಮೈಗೆ ತಾಗಿಸಿದರು. ದೀಪ ಫಕ್ಕನೆ ಆರಿತು. ಹೊಗೆ ಬರಲಿಲ್ಲ. ಫ್ಯೂಸು ತೆಗೆದು ತೋರಿಸಿದರೆ ಒಳಗಿನ ತಂತಿ ತುಂಡಾಗಿತ್ತು. ವೈರನ್ನು ಅತ್ತೆಯ ಮುಂದೆ ಚಾಚಿದರು. ಅವರು ಸುಡದ ಕೈಯಿಂದ, ಮೊದಲು ಉಗುರಿನ ತುದಿಯಲ್ಲಿ, ಆಮೇಲೆ ಮುಷ್ಟಿ ತುಂಬ ಹಿಡಿದು ನೋಡಿದರು. ತಣ್ಣಗಿತ್ತು. ನನ್ನತ್ತ ತಿರುಗಿ, ಎರಡು ಬೆರಳ ನಡುವೆ ಏನನ್ನೋ ಚಿವುಟಿ ತುಂಡು ಮಾಡಿದ ಸನ್ನೆ ಮಾಡಿ ನಯಾಜಣ್ಣನ ಕಡೆ ತೋರಿಸಿದರು. ಅದು ಅವರ ಕೈಹೆಸರಾಯಿತು. ಬೇಲಿಯಾಚೆ ಯಾರಾದರೂ ಇದ್ದಾರೆಯೇ ಎಂದು ಅವರು ಆಗ ನೋಡಲಿಲ್ಲ.

ಅವತ್ತು ಸಂಜೆ ಕಾರಿನಲ್ಲಿ ಕೂತೆವು. ಅತ್ತೆ ಶುರು ಮಾಡಿದರು. ನೀನು. ತವರು. ಹೋಗು. ದೀಪ ಮಿಟುಕಿತು. ಮತ್ತೆ ಹತ್ತಿದಾಗ ಅವರ ಕೈ ಎಲ್ಲೋ ಹೋಗಿತ್ತು. ಮತ್ತೆ ಹೇಳಿ ಎಂದೆ. ಮತ್ತೆ ಅಲ್ಲಿಗೇ ಬಂದು ಮಿಟುಕಿತು. ಸುಮ್ಮನೆ ಕೂತರೆ ಗಟ್ಟಿಯಾಗಿ ಉರಿಯುವ ದೀಪ, ಉಪ್ಪು, ಸಾರು ಎಂದರೂ ಉರಿಯುವ ದೀಪ, ಅವರು ಮನಸ್ಸಿಟ್ಟು ಹೇಳತೊಡಗಿದರೆ ಹೋಗುತ್ತಿತ್ತು. ಎಷ್ಟು ಮುಖ್ಯವಾದ ಮಾತೋ ಅಷ್ಟು ಬೇಗ ಹೋಗುತ್ತಿತ್ತು. ಅತ್ತೆಗೆ ರೇಗಿ ಡ್ಯಾಶ್‌ಬೋರ್ಡಿಗೆ ಗುದ್ದಿದರು. ಪೂರ್ತಿ ಆರಿತು.

ಆ ಕತ್ತಲಲ್ಲಿ ಕೂತಿದ್ದಾಗ ನನಗೆ ತಿಳಿಯಿತು. ಅತ್ತೆ ಮೈತುಂಬ ಮಾತಾಡುವವರು. ಮನಸ್ಸಿಟ್ಟು ಹೇಳುವಾಗ ಮುಂದಕ್ಕೆ ಬಾಗುತ್ತಾರೆ, ಮೊಣಕಾಲು ಸ್ಟೇರಿಂಗಿನ ಕೆಳಗಿನ ತಗಡಿಗೆ ಬಡಿಯುತ್ತದೆ. ನಾನು ಕೈಚಾಚಿ ಆ ತಗಡನ್ನು ಒತ್ತಿ ಹಿಡಿದೆ. ದೀಪ ಹತ್ತಿತು, ಕೈ ಬಿಟ್ಟರೆ ಆರಿತು. ಒತ್ತಿಕೊಂಡೇ ಕೂರಬಹುದಿತ್ತು. ಆದರೆ ಬಗ್ಗಿ ಹಾಗೆ ಒತ್ತಿದರೆ ನನಗೆ ಅವರ ಕೈ ಕಾಣುತ್ತಿರಲಿಲ್ಲ. ಇಬ್ಬರಿಗೂ ನಗು ಬಂತು. ಎಷ್ಟೋ ದಿನದ ಮೇಲೆ ನಕ್ಕೆವು.

ಬೆಳಿಗ್ಗೆ ಹೇಳಿ ಕಳಿಸಿದೆ. ನಯಾಜಣ್ಣ ಬಂದು ತಗಡಿನ ಕೆಳಗೆ ಮಲಗಿ ನೋಡಿ, ತಮ್ಮ ಹಣೆಯನ್ನು ತಾವೇ ತಟ್ಟಿಕೊಂಡರು. "ನಂದೇ ತಪ್ಪು ಅಕ್ಕಾ. ಅರ್ಥ್ ಸರಿಯಾಗಿ ಕೂತಿಲ್ಲ. ಬಣ್ಣದ ಮೇಲೇ ಸ್ಕ್ರೂ ಹಾಕ್ಬಿಟ್ಟಿದೀನಿ," ಎಂದರು. ಪಟ್ಟಿಯ ಒಂದು ವೈರು ಬ್ಯಾಟರಿಯಿಂದ ಬಂದರೆ ಇನ್ನೊಂದು ಗಾಡಿಯ ಮೈಯನ್ನೇ ಹಿಡಿದು ವಾಪಸು ಹೋಗಬೇಕಂತೆ. ಅದಕ್ಕೆ ಅವರು ಅರ್ಥ್ ಎನ್ನುತ್ತಿದ್ದರು. ಗಟ್ಟಿ ಜಾಗ ಹುಡುಕಿ, ಉಪ್ಪುಕಾಗದದಿಂದ ಬಣ್ಣವನ್ನೆಲ್ಲ ಕೆರೆದು, ಬೆಳ್ಳಗೆ ಹೊಳೆಯುವ ಕಬ್ಬಿಣ ಕಂಡ ಮೇಲೆ ಬೋಲ್ಟು ಹಾಕಿ ಬಿಗಿದರು. ಅತ್ತೆ ಕೂತು ಮೊಣಕಾಲಿನಿಂದ ಬಡಿದು ಬಡಿದು ಪರೀಕ್ಷೆ ಮಾಡಿದರು. ಅಲ್ಲಾಡಲಿಲ್ಲ.

ಸಂಜೆ ನಾನು ಅವರ ಕೈಯನ್ನೇ ನೋಡಿದೆ. ನೀನು, ಎಂದರು. ತವರು. ಹೋಗು. ನಾನೂ. ನಿನ್ನ ಜೊತೆ. ಕರೆದುಕೊಂಡು. ಆಮೇಲೆ ಎರಡು ಕೈಯನ್ನೂ ಮೇಲೆತ್ತಿ ಮನೆಯ ಮಾಡು ಮಾಡಿ, ಅದರೊಳಗೆ ಬೆರಳುಗಳನ್ನು ಬೆಳಕಿನಂತೆ ಬಿಡಿಸಿದರು. ಮತ್ತೆ ಕೇಳಿದೆ. ಮತ್ತೆ ಹೇಳಿದರು, ನಿಧಾನವಾಗಿ, ದಡ್ಡಿಗೆ ಹೇಳುವ ಹಾಗೆ. ನೀನು ತವರಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗು, ಸಂಜೆ ಮನೆಯೊಳಗೆ ದೀಪ ಉರಿಯುವುದನ್ನು ನಾನೊಮ್ಮೆ ನೋಡಬೇಕು. ಇಷ್ಟೇ ಅವರು ಹೇಳಹೊರಟದ್ದು. ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಯಾಕೆ ಅಳುತ್ತಿದ್ದೇನೆಂದು ಅವರಿಗೆ ತಿಳಿಯಲಿಲ್ಲ. ಎದ್ದು ಕೂತು ಎಲ್ಲವನ್ನೂ ಹೇಳಿದೆ. ತಿಳಿದ ಮೇಲೆ ಅವರು ನನ್ನ ಕಿವಿ ಹಿಂಡಿ, ಆಮೇಲೆ ತಾವೂ ಕಣ್ಣೊರೆಸಿಕೊಂಡರು. ಮಾವ ಹೋದ ಮೇಲೆ ಈ ಕಾರಿನಲ್ಲಿ ಇನ್ನೊಬ್ಬರು ಕೂತು ತಮ್ಮ ಕೈ ನೋಡುತ್ತಾರೆಂದು ಅಂದುಕೊಂಡೇ ಇರಲಿಲ್ಲ ಎಂದರು. ಅದನ್ನು ನಾನು ಒಂದೇ ಸಲಕ್ಕೆ ತಿಳಿದುಕೊಂಡೆ.

ತವರಿಗೆ ಹೋದೆವು. ಅಮ್ಮ ಮನೆಯ ದೀಪವನ್ನೆಲ್ಲ ಹಾಕಿಸಿ ಕಾದಿದ್ದರು. ಅತ್ತೆ ಕೋಣೆಯಿಂದ ಕೋಣೆಗೆ ಓಡಾಡಿದರು, ಟ್ಯೂಬ್‌ಲೈಟಿನ ಕೆಳಗೆ ನಿಂತು ನಮ್ಮಮ್ಮನ ಅಡುಗೆಗೆ ಹೆಸರಿಟ್ಟರು, ಅದನ್ನು ನಾನು ಅಮ್ಮನಿಗೆ ಬೇರೆಯದೇ ಮಾಡಿ ಹೇಳಬೇಕಾಯಿತು. ಒಂದು ವಾರಕ್ಕೆಂದು ಹೋದವರು ಇನ್ನೊಂದು ವಾರ ಉಳಿದೆವು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗಕ್ಕೆ ನಾವಿಬ್ಬರೂ ಜಗಳವಾಡಿದೆವು.

ನಾವು ಬಂದ ಮೇಲೆ ಲಿಂಗರಾಜು ರಜೆ ಹಾಕಿ ಬಂದರು. ಹೊಗೆಯ ವಿಷಯ ತಿಳಿದು ಅವರು ಕುಗ್ಗಿಹೋಗಿದ್ದರು, ಅವ್ವನ ಅಂಗೈಯ ಕಲೆಯನ್ನು ಹಿಡಿದು ಹಿಡಿದು ನೋಡುತ್ತಿದ್ದರು. ಸಂಜೆ ಮೂವರೂ ಕಾರಿನಲ್ಲಿ ಕೂತೆವು. ಅವ್ವ ಮುಂದೆ, ಮಗ ಅವರ ಪಕ್ಕ, ನಾನು ಹಿಂದಿನ ಸೀಟಿನ ನಡುವೆ, ಇಬ್ಬರ ಭುಜದ ಸಂದಿಯಲ್ಲಿ ತಲೆ ತೂರಿಸಿಕೊಂಡು. ಅತ್ತೆ ಮಗನ ಕಡೆ ತಿರುಗಿ ಬಹಳ ಹೊತ್ತು ಮಾತಾಡಿದರು. ಲಿಂಗರಾಜುಗೆ ಒಂದು ಪದವೂ ಗೊತ್ತಾಗಲಿಲ್ಲ, ಕಣ್ಣು ಮಾತ್ರ ಆ ಕೈಗಳಿಂದ ಕದಲಲಿಲ್ಲ. ಅವ್ವನಿಗೆ ಇಷ್ಟೊಂದು ಮಾತಿದೆಯೆಂದು ಅವರು ನೋಡುತ್ತಿದ್ದದ್ದು ಅದೇ ಮೊದಲು.

"ಏನಂತಾರೆ?" ಎಂದು ಮೆಲ್ಲಗೆ ಕೇಳಿದರು.

ನಾನು ಹೇಳಿದೆ. ನೀವು ಹುಟ್ಟಿದಾಗ ಅತ್ತದ್ದು ಅವರಿಗೆ ಕೇಳಿಸಲಿಲ್ಲವಂತೆ. ಸುತ್ತಲಿನವರೆಲ್ಲ ನಕ್ಕದ್ದು ಕಂಡಿತಂತೆ, ಆದರೂ ಮಗು ಬದುಕಿದೆಯೋ ಇಲ್ಲವೋ ತಿಳಿಯದೆ ಹೆದರಿದರಂತೆ. ಆಗ ಮಾವ ಬಂದು ಅವರ ಅಂಗೈ ಹಿಡಿದು ನಿಮ್ಮ ಬೆನ್ನ ಮೇಲೆ ಇಟ್ಟರಂತೆ. ನೀವು ಅಳುತ್ತಿದ್ದದ್ದು ಕೈಗೆ ಗುಂಯ್ ಎಂದು ಬಂತಂತೆ. ನಿನ್ನ ದನಿ ನನಗೆ ಗೊತ್ತಿಲ್ಲ ಎಂದು ನೀನು ತಿಳಿದಿದ್ದೀಯ, ಗೊತ್ತಿದೆ, ಅನ್ನುತ್ತಿದ್ದಾರೆ. ಆದರೆ ನೀನು ದೊಡ್ಡವನಾದ ಮೇಲೆ ಕೇಳಿಲ್ಲ ಅನ್ನುತ್ತಿದ್ದಾರೆ.

ಲಿಂಗರಾಜು ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಅವ್ವನ ಕೈಯನ್ನು ತೆಗೆದುಕೊಂಡು, ಕಲೆಯಾದ ಅಂಗೈಯನ್ನೇ ತಮ್ಮ ಎದೆಗೆ ಒತ್ತಿ ಹಿಡಿದರು. ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ, ಬೀದಿಗೆಲ್ಲ ಕೇಳುವಂತೆ, "ಅವ್ವಾ" ಎಂದರು.

ಅತ್ತೆ ಕಣ್ಣು ಮುಚ್ಚಿದರು. ಆಮೇಲೆ ಇನ್ನೊಂದು ಕೈಯನ್ನು ಆ ಬೆಳಕಿನಲ್ಲಿ ಮೇಲೆತ್ತಿ, ಒಂದು ಬೆರಳು ತೋರಿಸಿದರು. ಅದನ್ನು ನಾನು ತಿಳಿಸಿ ಹೇಳಬೇಕಾಗಲಿಲ್ಲ. ಲಿಂಗರಾಜು ಮತ್ತೊಮ್ಮೆ ಕರೆದರು.